ಹದಿನಾಲ್ಕನೆಯ ಚಿನಾರ್

ಬಾಗಿಲ ಮೇಲೆ ದೊರೆಯ ಹೆಸರಿತ್ತಂತೆ.
ಆ ಕಲ್ಲಿನ ಅರ್ಧ ಈಗ ಕೆಳಗಿನ ಓಣಿಯಲ್ಲಿ
ಹಮಾಮಿನ ಮೆಟ್ಟಿಲು; ಇನ್ನರ್ಧ ಎಲ್ಲೋ.
ಅರಮನೆಯ ಚರಿತ್ರೆ ಕೇಳಿದರೆ
ನಾನು ಹೇಳಬಲ್ಲದ್ದು ಮರಗಳ ಲೆಕ್ಕ ಮಾತ್ರ.

ಕಾಬೂಲಿನ ಈ ಗುಡ್ಡಕ್ಕೆ
ನೀರು ಹತ್ತುವುದಿಲ್ಲ ಎಂದಿದ್ದರು ಎಲ್ಲರೂ.
ಹೇಸರಗತ್ತೆಗಳು ಹತ್ತಿಸಿದವು
ತೊಗಲ ಚೀಲಗಳಲ್ಲಿ, ಹನ್ನೊಂದು ಬೇಸಗೆ.
ಮೆಟ್ಟಿಲು ಮೆಟ್ಟಿಲಾಗಿ ತೋಟ, ನಡುವೆ ಕಾರಂಜಿ,
ನೆತ್ತಿಯಲ್ಲಿ ಹದಿನೆಂಟು ಕಂಬದ ಬಿಳಿಯ ಮೊಗಸಾಲೆ.
ಅರಸುಮನೆಯಲ್ಲಿ ಕೂಸೊಂದು ಹುಟ್ಟಿದಾಗಲೆಲ್ಲ
ಇಲ್ಲೊಂದು ಚಿನಾರ್ ಸಸಿ:
ಗಂಡಿಗೆ ಬಲಸಾಲು, ಹೆಣ್ಣಿಗೆ ಎಡಸಾಲು.
ನೀರಿಳಿಯುತ್ತಿದ್ದದ್ದು ಎಡಕ್ಕೇ ಹೆಚ್ಚು;
ಮಾಲಿಗಳಿಗಷ್ಟೇ ಗೊತ್ತಿತ್ತು.

ಇದೆಲ್ಲ ಸೈದಾಲ್ ಬಾಬಾನ ವಹಿಯಲ್ಲಿದೆ,
ಓದು ಬಲ್ಲ ಮಾಲಿ ಅವನೊಬ್ಬನೇ.
ರಾಯಭಾರಿಗಳ ಔತಣದ ರಾತ್ರಿ ಬರೆದದ್ದು:
"ಅತಿಥಿಗಳು ನೂರಾರು. ಹುಲ್ಲು ಹಾಳು."
ದೊರೆ ದೇಶ ಬಿಟ್ಟ ದಿನ:
"ಗುಲಾಬಿಗೆ ಗೊಬ್ಬರ, ಮೂರು ಗಾಡಿ."
ಪರದೇಶದ ಟ್ಯಾಂಕುಗಳು ಬಂದ ದಿನ:
"ಏಳನೆಯದಕ್ಕೆ ಹುಳು."

ಆಮೇಲೆ ನಮ್ಮವರೇ ನಮ್ಮವರ ಮೇಲೆ.
ಎರಡು ಗುಡ್ಡಗಳು ಕೊಂಬು ಹೂಡಿ ಹೋರಿದವು;
ನಡುವೆ ನಮ್ಮ ಓಣಿ.
ಒಂದು ಮಧ್ಯಾಹ್ನ ಮೊಗಸಾಲೆಯ ಸೂರು ಕುಸಿದು ಕೂತಿತು
ನಮಾಜಿಗೆ ಬಾಗಿದ ಮುದುಕ ಮತ್ತೆ ಏಳದ ಹಾಗೆ.
ಕಾರಂಜಿಯ ಸೀಸದ ಕೊಳವೆ ಯಾರೋ ಕಿತ್ತು ಮಾರಿದರು,
ಕಂಬಗಳಿಗೆ ಸಿಡುಬೆದ್ದಿತು.
ಓಣಿಯ ಹತ್ತು ಮನೆಯವರು
ಅರಮನೆಯ ನೆಲಮಾಳಿಗೆಗೆ ಇಳಿದರು,
ಅಮ್ಮನೂ, ಅವಳೊಳಗೆ ನಾನೂ.

ಆ ಚಳಿಗಾಲ ಬಾಬಾ ಕೊಡಲಿ ಎತ್ತಿದ.
ಮೊದಲ ಮರದ ಬುಡದಲ್ಲಿ ಕೂತು ಅತ್ತನೆಂದು ಕೆಲವರು;
ಇಲ್ಲ, ಬೈದನೆಂದು ಅಮ್ಮ, ಯಾರನ್ನೆಂದು ಹೇಳಲೊಲ್ಲಳು.
ವಹಿಯಲ್ಲಿ ಎರಡೂ ಇಲ್ಲ. ಇರುವುದು ಇಷ್ಟು:
"ಮೂರನೆಯದು. ಒಂಬತ್ತು ರಾತ್ರಿ. ನಲವತ್ತು ಜನ.
ಒಂಬತ್ತನೆಯದು. ಹಸಿ, ಹೊಗೆ ಜಾಸ್ತಿ. ಮಲಾಲಿಯ ಮಾವ ಉಳಿಯಲಿಲ್ಲ.
ಹದಿನಾಲ್ಕನೆಯದು. ನೀರು ಕಾಯಿಸಲು.
ಹೆಣ್ಣು ಕೂಸು. ಅಳು ಜೋರು."

ಅದು ನಾನು.
ಯಾವಳೋ ರಾಜಕುಮಾರಿಯ ಹುಟ್ಟಿಗೆ ಚಿಗುರಿದ ಮರ
ನನ್ನ ಹುಟ್ಟಿಗೆ ಉರಿದುಹೋಯಿತು.
ಆಕೆ ಈಗ ದೂರದ ಊರಲ್ಲಿ ಮುದುಕಿಯಾಗಿರಬಹುದು.
ಗೊತ್ತಾದರೆ ಸಿಟ್ಟಾದಾಳೋ,
ಒಮ್ಮೊಮ್ಮೆ ಯೋಚಿಸುತ್ತೇನೆ, ರೊಟ್ಟಿ ತಟ್ಟುವಾಗ.

ವಹಿ ಅಮ್ಮನ ಹಿಟ್ಟಿನ ಡಬ್ಬಿಯಲ್ಲಿ ಉಳಿಯಿತು.

ಈಗ ಅರಮನೆಗೆ ಮತ್ತೆ ಬಿಳುಪು ಬರುತ್ತಿದೆ.
ನೆಲಬಾಂಬು ಹೆಕ್ಕುವವರು ಹೋದರು, ಇಂಜಿನಿಯರ್ ಬಂದ,
ಹಳೆಯ ಫೋಟೋ ನೋಡಿ ನೋಡಿ ಕಂಬ ನಿಲ್ಲಿಸುತ್ತಾನೆ.
ನಾನು ಗುಂಡಿ ತೋಡುವ ಹೆಂಗಸರ ಗುಂಪಿನಲ್ಲಿ, ದಿನಗೂಲಿ.
ವಹಿ ತೋರಿಸಿದೆ. ಓದಿದ. ಕನ್ನಡಕ ಒರೆಸಿಕೊಂಡ.
ಹದಿನಾಲ್ಕರ ಜಾಗದಲ್ಲಿ, ಅವನ ನಕ್ಷೆಯ ಪ್ರಕಾರ,
ಟಿಕೆಟು ಕೊಡುವ ಗೂಡು.
"ಆಗಲ್ಲ ತಂಗಿ, ಸಹಿ ಆಗಿದೆ" ಎಂದ.
ನಾಲ್ಕು ದಿನ ಅವನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.
ಐದನೆಯ ದಿನ ಗೂಡು ಮೂರು ಹೆಜ್ಜೆ ಆಚೆ ಸರಿಯಿತು.

ನರ್ಸರಿಯ ಸಸಿ ಮೊಣಕಾಲೆತ್ತರ,
ಎಲೆ ನಾಲ್ಕು, ಒಂದಕ್ಕೆ ತೂತು.
ಗುಂಡಿಯಲ್ಲಿ ಹಳೆಯ ಬೇರು ಸಿಕ್ಕಿತು, ತೋಳಿನಷ್ಟು ದಪ್ಪ, ಸತ್ತದ್ದು.
ಕಿತ್ತೆಸೆ ಎಂದರು.
ತುಸು ಪಕ್ಕಕ್ಕೆ ಸರಿಸಿ ಮಣ್ಣು ಮುಚ್ಚಿದೆ.

ವಹಿಯ ಕೊನೆಯ ಪುಟದಲ್ಲಿ ಬಾಬಾನ ಕೈ ನಡುಗಿದೆ:
"ಕಡಿದದ್ದು ಮೂವತ್ತೊಂದು. ಬಾಕಿ ಮೂವತ್ತೊಂದು."
ಅದರ ಕೆಳಗೆ ಖಾಲಿ.
ಪೆನ್ನು ತೆಗೆದೆ. ಮತ್ತೆ ಮುಚ್ಚಿದೆ.
ಎರಡು ಚಳಿಗಾಲ ದಾಟಲಿ.
ದಾಟಿದರೆ, ಮೂವತ್ತು.